ವೇರ್ ಷರತ್ತನ್ನು ನಾವೇ ಸರಳ ಮಾಡಬೇಕಾ, ಡೇಟಾಬೇಸ್ ಮಾಡಿಕೊಳ್ಳುತ್ತಾ?

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆಗಳ ಆ್ಯಪ್ ಒಂದಕ್ಕೆ ಕ್ವೆರಿ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆಜ್ಞೆ) ಬರೀತೀನಿ. ಫಿಲ್ಟರ್‌ಗಳು ಸೇರಿಸೇರಿ ಯಾವ ಸಾಲುಗಳು ಬೇಕು ಅಂತ ಹೇಳುವ ವೇರ್ ಷರತ್ತು ಉದ್ದ ಆಗಿದೆ. ಕೂತು ಚಿಕ್ಕದು ಮಾಡಿದ್ರೆ ಸ್ಪೀಡ್ ಜಾಸ್ತಿ ಆಗುತ್ತಾ?

ಉದ್ದ ಇದೆ ಅನ್ನೋ ಒಂದೇ ಕಾರಣಕ್ಕೆ ಚಿಕ್ಕದು ಮಾಡೋಕೆ ಹೋಗಬೇಡಿ. ಬರೀ ಲಾಜಿಕ್‌ನ ಕೆಲಸವನ್ನು ಆಪ್ಟಿಮೈಜರ್ (ಕ್ವೆರಿ ಓಡಿಸೋಕೆ ಒಳ್ಳೆ ದಾರಿ ಹುಡುಕುವ ಡೇಟಾಬೇಸ್‌ನ ಭಾಗ) ಬಹಳಷ್ಟು ತಾನೇ ಮಾಡಿಕೊಳ್ಳುತ್ತೆ. '(ಏರಿಯಾ = ಜಯನಗರ ಆಂಡ್ ಬಾಡಿಗೆ < 20000) ಆರ್ (ಏರಿಯಾ = ಜಯನಗರ ಆಂಡ್ ಕೋಣೆ = 2)' ಅಂತ ಕೊಟ್ಟರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎರಡೂ ಕಡೆ ಇರುವ ಜಯನಗರವನ್ನು ಹೊರಗೆ ತೆಗೆದು ಒಂದೇ ಸಲ ಇಡುತ್ತೆ, ಆಗ ಏರಿಯಾ ಮೇಲಿನ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕೋಕೆ ಇಟ್ಟ ಪಟ್ಟಿ) ಬಳಸೋಕೆ ದಾರಿ ಆಗುತ್ತೆ. 'ನಾಟ್ (ಬಾಡಿಗೆ > 20000)' ಅಂದ್ರೆ ಅದನ್ನು 'ಬಾಡಿಗೆ <= 20000' ಮಾಡಿಕೊಳ್ಳುತ್ತೆ. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ 'ಕೋಣೆ = 2 ಆಂಡ್ ಕೋಣೆ = 3' ಅಂತ ಕೊಟ್ಟು ಎಕ್ಸ್‌ಪ್ಲೇನ್ (ಕ್ವೆರಿಯನ್ನು ಹೇಗೆ ಓಡಿಸುತ್ತೆ ಅಂತ ತೋರಿಸುವ ಆಜ್ಞೆ) ಹಾಕಿ ನೋಡಿ: 'ಇಂಪಾಸಿಬಲ್ ವೇರ್' ಅನ್ನುತ್ತೆ, ಟೇಬಲ್ ಓದೋಕೂ ಹೋಗಲ್ಲ.

ಪೆಟ್ಟು ಬೀಳೋದು ಕಾಲಂಗೆ ಏನಾದ್ರೂ ಅಂಟಿಸಿದಾಗ. ಮೇಂಟೆನೆನ್ಸ್ 2000 ಸೇರಿಸಿ 'ಬಾಡಿಗೆ + 2000 < 20000' ಅಂತ ಬರೆದ್ರೆ, ಆ 2000ವನ್ನು ಪೋಸ್ಟ್‌ಗ್ರೆಸ್ ಆ ಕಡೆ ಕಳುಹಿಸಿ ಕಳೆಯಲ್ಲ. ಬಾಡಿಗೆ ಮೇಲಿನ ಇಂಡೆಕ್ಸ್ ಸುಮ್ನೆ ಕೂತಿರುತ್ತೆ. 'ಬಾಡಿಗೆ < 18000' ಅಂತ ನೀವೇ ಬರೀಬೇಕು. ತಾರೀಖಿನಿಂದ ವರ್ಷ ಕಿತ್ತು 2024ಕ್ಕೆ ಹೋಲಿಸೋದೂ ಇದೇ ಕಥೆ. ಅದರ ಬದಲು 2024ರ ಜನವರಿ 1ರಿಂದ ಶುರು, 2025ರ ಜನವರಿ 1ಕ್ಕಿಂತ ಮುಂಚೆ ಅಂತ ಎರಡು ಹೋಲಿಕೆ ಇಡಿ. ಬರೆಯೋಕೆ ಉದ್ದ ಆದ್ರೂ ಇಂಡೆಕ್ಸ್‌ಗೆ ಅದೇ ಬೇಕು.

ಸರಳ ಮಾಡುವಾಗ ನನಗೆ ನಿಜವಾಗಿ ಭಯ ಇರೋದು ನಲ್, ಅಂದ್ರೆ ಏನೂ ತುಂಬದ ಖಾಲಿ ಜಾಗದ ಬಗ್ಗೆ. 'ಬಾಡಿಗೆ <= 20000 ಆರ್ ಬಾಡಿಗೆ > 20000' ನೋಡಿದ್ರೆ ಇದು ಯಾವಾಗಲೂ ಸರಿ, ತೆಗೆದುಬಿಡೋಣ ಅನಿಸುತ್ತೆ ಅಲ್ವಾ? ತೆಗೀಬೇಡಿ. ಎಷ್ಟೋ ಓನರ್‌ಗಳು 'ಮನೆ ನೋಡಿದ ಮೇಲೆ ಮಾತಾಡೋಣ' ಅಂತ ಬಾಡಿಗೆ ತುಂಬಿರಲ್ಲ. ಅಲ್ಲಿ ನಲ್ ಇರುತ್ತೆ. ನಲ್ ಜೊತೆಗಿನ ಹೋಲಿಕೆ ಸರಿಯೂ ಅಲ್ಲ ತಪ್ಪೂ ಅಲ್ಲ, 'ಗೊತ್ತಿಲ್ಲ', ಹಾಗಾಗಿ ಆ ಸಾಲುಗಳು ಬರಲ್ಲ. ಷರತ್ತು ಕಿತ್ತು ಹಾಕಿದ ಕೂಡಲೇ ಅವೆಲ್ಲ ಲಿಸ್ಟ್‌ಗೆ ಬಂದು ಕೂರುತ್ತವೆ. ಕಾಲಂ 'ನಾಟ್ ನಲ್' ಅಂತ ಘೋಷಿಸಿದ್ದರೆ ಮಾತ್ರ ಧೈರ್ಯವಾಗಿ ತೆಗೀಬಹುದು.

ನಿಮ್ಮ ಕ್ವೆರಿಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ಓಡಿಸಿ. ಷರತ್ತು 'ಇಂಡೆಕ್ಸ್ ಕಂಡ್' (ಇಂಡೆಕ್ಸ್ ಮೂಲಕವೇ ಹುಡುಕಿದ್ದು) ಸಾಲಿನಲ್ಲಿ ಬಂದರೆ ಅದನ್ನು ಮುಟ್ಟಬೇಡಿ. 'ಫಿಲ್ಟರ್' (ಸಾಲು ಓದಿದ ಮೇಲೆ ಪರೀಕ್ಷಿಸಿದ್ದು) ಸಾಲಿನಲ್ಲಿ ಬಂದು, ಅದರ ಕೆಳಗೆ ಫಿಲ್ಟರ್ ತೆಗೆದುಹಾಕಿದ ಸಾಲುಗಳ ಲೆಕ್ಕ ಲಕ್ಷಗಟ್ಟಲೆ ಇದ್ದರೆ, ತಿದ್ದೋದನ್ನು ಆ ಷರತ್ತಿನಿಂದಲೇ ಶುರು ಮಾಡಿ.