ಓದುಗರ ಪ್ರಶ್ನೆ: ಡ್ಯುರಾಂಟ್ ವಾರಿಯರ್ಸ್‌ಗೆ ಹೋಗಿದ್ದು ದುಡ್ಡಿಗೇ ಅಲ್ವಾ?

ಪ್ರಶ್ನೆ: 2016ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕೆವಿನ್ ಡ್ಯುರಾಂಟ್ ಒಕ್ಲಹೋಮಾ ಸಿಟಿ ಥಂಡರ್ ಬಿಟ್ಟು, ತನ್ನನ್ನೇ ಸೋಲಿಸಿದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ್ದು ದುಡ್ಡಿಗೇ ಅಲ್ವಾ? ಅಲ್ಲೇ ಉಳಿದಿದ್ದರೆ ಒಳ್ಳೆಯದಿತ್ತಲ್ವಾ?

ದುಡ್ಡಿಗಲ್ಲ. ಈ ಮಾತನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಪ್ರತಿ ಜುಲೈನಲ್ಲಿ ಯಾರಾದರೂ ದೊಡ್ಡ ಆಟಗಾರ ತಂಡ ಬದಲಿಸಿದರೆ ಸಾಕು, ಡ್ಯುರಾಂಟ್ ಹೆಸರು ಎದ್ದು ಬರುತ್ತದೆ, ಅದರ ಜೊತೆಗೆ "ಎಲ್ಲ ದುಡ್ಡಿನ ಆಟ" ಅನ್ನುವ ಮಾತೂ ಬರುತ್ತದೆ. ಆದ್ದರಿಂದ ಈ ಸಲ ಲೆಕ್ಕವನ್ನು ಬಿಡಿಸಿಯೇ ಇಡುತ್ತೇನೆ.

ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಅನ್ನುವುದು ಗೊತ್ತಿದೆ. ನಾವೆಲ್ಲ ಐಪಿಎಲ್ ಹರಾಜು ನೋಡಿ ಬೆಳೆದವರು. ಅಲ್ಲಿ ಆಟಗಾರ ಮೂಲ ಬೆಲೆ ಬರೆದುಕೊಟ್ಟು ಸುಮ್ನೆ ಕೂರಬೇಕು. ಯಾರು ಜಾಸ್ತಿ ಕೂಗುತ್ತಾರೋ ಅವರ ಜೆರ್ಸಿ ತೊಡಬೇಕು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಕ್ಯಾಪಿಟಲ್ಸ್ ಪಾಲಾದಾಗ ಬೆಂಗಳೂರಿನಲ್ಲಿ ಎಷ್ಟು ಜನ "ಯಾಕೆ ನಮ್ಮ ಟೀಮಿಗೆ ಬರಲಿಲ್ಲ" ಎಂದು ಬೇಜಾರು ಮಾಡಿಕೊಂಡರು ನೆನಪಿದೆ ಅಲ್ವಾ? ಹರಾಜಿನಲ್ಲಿ ಆಟಗಾರನ ಇಷ್ಟವನ್ನು ಯಾರೂ ಕೇಳುವುದಿಲ್ಲ. ಅದೇ ಕಣ್ಣಲ್ಲಿ ಎನ್‌ಬಿಎ ನೋಡಿದರೆ ವಾರಿಯರ್ಸ್ ಜಾಸ್ತಿ ಕೂಗಿ ಡ್ಯುರಾಂಟ್‌ನನ್ನು ಕೊಂಡುಕೊಂಡ ಹಾಗೆ ಕಾಣುತ್ತದೆ.

ಎನ್‌ಬಿಎಯಲ್ಲಿ ನಡೆಯುವುದು ಹೆಚ್ಚುಕಡಿಮೆ ಇದರ ತದ್ವಿರುದ್ಧ. ಒಪ್ಪಂದ ಮುಗಿದ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ಹರಾಜು ಇರುವುದಿಲ್ಲ. ತಂಡಗಳೇ ಅವನ ಬಾಗಿಲಿಗೆ ಬರುತ್ತವೆ, ಆರಿಸುವವನು ಅವನು. ಇನ್ನು ಸಂಬಳಕ್ಕೆ ಮೇಲ್ಮಿತಿ ಇದೆ. ಡ್ಯುರಾಂಟ್‌ನಂಥ ದೊಡ್ಡ ಆಟಗಾರನಿಗೆ ಎಷ್ಟೇ ಶ್ರೀಮಂತ ಮಾಲೀಕನಾದರೂ ಆ ಮಿತಿ ದಾಟಿ ಒಂದು ಡಾಲರ್ ಕೊಡುವ ಹಾಗಿಲ್ಲ. ಆ ಮಿತಿ ಆಟಗಾರ ಲೀಗ್‌ನಲ್ಲಿ ಎಷ್ಟು ವರ್ಷ ಕಳೆದಿದ್ದಾನೆ ಅನ್ನುವುದರ ಮೇಲೆ ನಿಂತಿದೆ. 7ರಿಂದ 9 ವರ್ಷ ಆಡಿದವನಿಗೆ ತಂಡದ ಸ್ಯಾಲರಿ ಕ್ಯಾಪ್‌ನ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಶೇ 30, ಹತ್ತು ವರ್ಷ ತುಂಬಿದವನಿಗೆ ಶೇ 35. 2016ರಲ್ಲಿ ಡ್ಯುರಾಂಟ್‌ಗೆ ತುಂಬಿದ್ದು 9 ವರ್ಷ.

ಈಗ ಮುಖ್ಯ ವಿಷಯ. ಈ ಮಿತಿಯೊಳಗೆ ಜಾಸ್ತಿ ಕೊಡಲು ಅವಕಾಶ ಇದ್ದದ್ದು ಯಾರಿಗೆ? ಹಳೆಯ ತಂಡಕ್ಕೆ, ಅಂದರೆ ಥಂಡರ್‌ಗೆ. ಆಗಿನ ನಿಯಮದ ಪ್ರಕಾರ ಸ್ವಂತ ತಂಡ 5 ವರ್ಷದ ಒಪ್ಪಂದ ಕೊಡಬಹುದಿತ್ತು, ಹೊರಗಿನ ತಂಡ ಕೊಡಬಹುದಾಗಿದ್ದು 4 ವರ್ಷದ್ದು ಮಾತ್ರ. ಸ್ವಂತ ತಂಡ ಸಂಬಳವನ್ನು ವರ್ಷಕ್ಕೆ ಶೇ 7.5ರಷ್ಟು ಏರಿಸಬಹುದಿತ್ತು, ಹೊರಗಿನವರು ಶೇ 4.5ರಷ್ಟು. ಆಟಗಾರ ಇದ್ದಲ್ಲೇ ಇರಲಿ ಎಂದೇ ಮಾಡಿದ ನಿಯಮ ಇದು. ದುಡ್ಡೇ ಮುಖ್ಯ ಅನ್ನುವವನು ಕಣ್ಣು ಮುಚ್ಚಿಕೊಂಡು ಥಂಡರ್ ಕಾಗದಕ್ಕೆ ಸಹಿ ಹಾಕುತ್ತಿದ್ದ.

ತೆರಿಗೆಯನ್ನೂ ನೋಡಿ. ವಾರಿಯರ್ಸ್ ಇರುವ ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆ ಶೇ 13.3ರವರೆಗೆ ಹೋಗುತ್ತದೆ. ಒಕ್ಲಹೋಮಾದಲ್ಲಿ ಆಗ ಅದು ಹೆಚ್ಚೆಂದರೆ ಶೇ 5. ಒಂದೇ ಸಂಬಳ ಎಂದಿಟ್ಟುಕೊಂಡರೂ ಕೈಗೆ ಬರುವುದು ಕಡಿಮೆ.

"ಜಾಹೀರಾತಿನ ದುಡ್ಡು ಬಂತಲ್ಲ" ಅನ್ನುವವರಿಗೂ ಉತ್ತರ ಇದೆ. ನೈಕಿ ಜೊತೆಗಿನ ಅವನ ಭಾರೀ ಒಪ್ಪಂದ ಆಗಿದ್ದು 2014ರಲ್ಲಿ, ಒಕ್ಲಹೋಮಾ ಸಿಟಿಯಂಥ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದಾಗಲೇ. ಸಿಲಿಕಾನ್ ವ್ಯಾಲಿ ಪಕ್ಕದಲ್ಲೇ ಇದ್ದರೆ ಹೂಡಿಕೆಗೆ ಅನುಕೂಲ ಅನ್ನುವ ಮಾತಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಆದರೆ ವಾರಿಯರ್ಸ್ ಅವನಿಗೆ ಕೊಟ್ಟ ಒಪ್ಪಂದ ನೋಡಿ: 2 ವರ್ಷಕ್ಕೆ ಸುಮಾರು 54 ಮಿಲಿಯನ್ ಡಾಲರ್, ಬೇಕಿದ್ದರೆ ಮೊದಲ ವರ್ಷಕ್ಕೇ ಹೊರಬರುವ ಅವಕಾಶ. ಮೊದಲ ವರ್ಷದ ಸಂಬಳ 26.5 ಮಿಲಿಯನ್. ಮರುವರ್ಷ ಅವನು ಹೊರಬಂದು ಹೊಸ ಒಪ್ಪಂದ ಮಾಡಿಕೊಂಡ. ಎಷ್ಟಕ್ಕೆ? 25 ಮಿಲಿಯನ್‌ಗೆ. ಹಿಂದಿನ ವರ್ಷಕ್ಕಿಂತ ಕಡಿಮೆ! ಆ ಹೊತ್ತಿಗೆ ಹತ್ತು ವರ್ಷ ತುಂಬಿತ್ತು, ಅವನ ಮಟ್ಟದ ಆಟಗಾರರ ಮೇಲ್ಮಿತಿ 34 ಮಿಲಿಯನ್ ದಾಟಿತ್ತು. ಸಹ ಆಟಗಾರರಾದ ಆಂಡ್ರೆ ಇಗುಡಾಲ, ಶಾನ್ ಲಿವಿಂಗ್‌ಸ್ಟನ್ ಅವರನ್ನು ತಂಡ ಉಳಿಸಿಕೊಳ್ಳಲಿ ಎಂದು ಹಲವು ಮಿಲಿಯನ್ ಡಾಲರ್ ಬಿಟ್ಟುಕೊಟ್ಟ. ಆಗಷ್ಟೇ ಫೈನಲ್ಸ್ ಎಂವಿಪಿ (ಫೈನಲ್ ಸರಣಿಯ ಅತ್ಯುತ್ತಮ ಆಟಗಾರ) ಆದವನು ತಾನಾಗಿ ಸಂಬಳ ಇಳಿಸಿಕೊಂಡಿದ್ದಾನೆ. ಇದಾದ ಮೇಲೂ "ದುಡ್ಡಿಗೆ ಹೋದ" ಅಂದರೆ ನನಗೆ ಹೇಳಲು ಬೇರೇನೂ ಉಳಿದಿಲ್ಲ.

ಹಾಗಾದರೆ ಯಾಕೆ ಹೋದ? ಅದಕ್ಕೆ 2016ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಲೀಗ್‌ನ ಪಶ್ಚಿಮ ವಿಭಾಗದ ಫೈನಲ್, ಗೆದ್ದವರು ಲೀಗ್ ಫೈನಲ್‌ಗೆ) ನೆನಪಿಸಿಕೊಳ್ಳಬೇಕು. ಆ ಸೀಸನ್‌ನಲ್ಲಿ ವಾರಿಯರ್ಸ್ 73 ಗೆದ್ದು 9 ಸೋತ ತಂಡ. ಅಂಥವರನ್ನು ಥಂಡರ್ ತನ್ನ ಊರಿನಲ್ಲಿ 133–105, 118–94 ಎಂದು ಸದೆಬಡಿದು ಸರಣಿಯಲ್ಲಿ 3–1 ಮುನ್ನಡೆ ಪಡೆಯಿತು. ಇನ್ನೊಂದು ಗೆದ್ದರೆ ಫೈನಲ್. ಆರನೇ ಪಂದ್ಯ ಮತ್ತೆ ಒಕ್ಲಹೋಮಾದಲ್ಲಿ. ನಮ್ಮಲ್ಲಿ ಅದು ಭಾನುವಾರ ಬೆಳಗ್ಗೆ, ಕಾಫಿ ಹೊತ್ತು. ಕೊನೆಯ ಕ್ವಾರ್ಟರ್ ಶುರುವಾದಾಗ ಥಂಡರ್ 8 ಪಾಯಿಂಟ್ ಮುಂದಿತ್ತು. ಅಲ್ಲಿಂದ ವಾರಿಯರ್ಸ್‌ನ ಕ್ಲೇ ಥಾಂಪ್ಸನ್ ಒಬ್ಬನೇ ಆ ಕ್ವಾರ್ಟರ್‌ನಲ್ಲಿ 19 ಪಾಯಿಂಟ್ ಹೊಡೆದ. ಎದುರಿಗೆ ಕೈ ಚಾಚಿ ನಿಂತವರಿದ್ದರೂ, ಮೂರು ಪಾಯಿಂಟ್‌ನ ಗೆರೆಯಿಂದ ಎಷ್ಟೋ ದೂರ ಇದ್ದರೂ ಚೆಂಡು ಬಲೆಗೇ ಬೀಳುತ್ತಿತ್ತು. ಇಡೀ ಪಂದ್ಯದಲ್ಲಿ 11 ಮೂರು ಪಾಯಿಂಟರ್‌ಗಳು, ಒಟ್ಟು 41 ಪಾಯಿಂಟ್. ಥಂಡರ್ ಕಡೆ ಚೆಂಡು ಡ್ಯುರಾಂಟ್ ಕೈಯಲ್ಲಿ ಇಲ್ಲವೇ ರಸೆಲ್ ವೆಸ್ಟ್‌ಬ್ರುಕ್ ಕೈಯಲ್ಲಿ ನಿಂತುಬಿಡುತ್ತಿತ್ತು, ಉಳಿದವರು ನಿಂತು ನೋಡುತ್ತಿದ್ದರು. ಡ್ಯುರಾಂಟ್ 31 ಸಲ ಹೊಡೆದು 10 ಹಾಕಿದ. 108–101ರಲ್ಲಿ ಸೋತರು. ಏಳನೆಯದನ್ನೂ ಸೋತರು.

ಆ ಪಂದ್ಯ ನೋಡಿದವರಿಗೆ ವ್ಯತ್ಯಾಸ ಕಾಣದೇ ಇರಲಾರದು. ಒಂದು ಕಡೆ ಚೆಂಡು ಓಡುತ್ತದೆ, ಇನ್ನೊಂದು ಕಡೆ ಒಬ್ಬನೇ ಎಲ್ಲ ಹೊರಬೇಕು. ಜುಲೈ 4ರಂದು ತೀರ್ಮಾನ ತಿಳಿಸಿ ಬರೆದಾಗ ಡ್ಯುರಾಂಟ್ ಹೇಳಿದ್ದೂ ಅದನ್ನೇ: ಆಟಗಾರನಾಗಿ ಬೆಳೆಯಲು ಎಲ್ಲಿ ಜಾಸ್ತಿ ಅವಕಾಶ ಇದೆ ಅನ್ನುವುದೇ ತನಗೆ ಮುಖ್ಯ ಎಂದು. ಮುಂದಿನ ಸೀಸನ್‌ನಲ್ಲಿ ಅವನ ಶೂಟಿಂಗ್ ಶೇ 53.7ಕ್ಕೆ ಏರಿತು, ಅಲ್ಲಿಯವರೆಗಿನ ಅವನ ಅತ್ಯುತ್ತಮ. 2017 ಮತ್ತು 2018ರಲ್ಲಿ ಚಾಂಪಿಯನ್, ಎರಡು ಸಲವೂ ಫೈನಲ್ಸ್ ಎಂವಿಪಿ.

"ಚಾಂಪಿಯನ್ ತಂಡ ಸೇರಿದ" ಅನ್ನುವುದೂ ಪೂರ್ತಿ ನಿಜವಲ್ಲ. ಡ್ಯುರಾಂಟ್ ಸೇರುವ ಮುಂಚೆ ವಾರಿಯರ್ಸ್ ತಾನೇ 3–1 ಮುನ್ನಡೆ ಕಳೆದುಕೊಂಡು ಕ್ಲೀವ್‌ಲ್ಯಾಂಡ್‌ಗೆ ಫೈನಲ್ ಸೋತಿತ್ತು.

ನಿಷ್ಠೆಯ ಮಾತು ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡ್ಯುರಾಂಟ್ ಒಕ್ಲಹೋಮಾವನ್ನು ಆರಿಸಿಕೊಂಡವನೇ ಅಲ್ಲ. 2007ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ), 18ನೇ ವಯಸ್ಸಿನಲ್ಲಿ, ಅವನನ್ನು ಆರಿಸಿಕೊಂಡಿದ್ದು ಸಿಯಾಟಲ್ ಸೂಪರ್‌ಸಾನಿಕ್ಸ್. ಒಂದೇ ವರ್ಷಕ್ಕೆ ಮಾಲೀಕರು 41 ವರ್ಷ ಆ ಊರಿನಲ್ಲಿದ್ದ ತಂಡವನ್ನು ಎತ್ತಿಕೊಂಡು ಒಕ್ಲಹೋಮಾಕ್ಕೆ ಹೋಗಿ ಥಂಡರ್ ಎಂದು ಹೆಸರಿಟ್ಟರು. ಅಂಗಣದ ಬಾಡಿಗೆ ಕರಾರು ಮುರಿಯಲು ಸಿಯಾಟಲ್ ನಗರಕ್ಕೆ 45 ಮಿಲಿಯನ್ ಡಾಲರ್ ಕೊಟ್ಟರು. 2012ರಲ್ಲಿ ಫೈನಲ್ ಆಡಿದ ಕೆಲವೇ ತಿಂಗಳಿಗೆ ತನ್ನ ಆಟಗಾರ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕಳಿಸಿದ್ದೂ ಇದೇ ತಂಡ, ಅದೂ ಒಪ್ಪಂದದಲ್ಲಿ ಕೆಲವು ಮಿಲಿಯನ್ ಡಾಲರ್ ವ್ಯತ್ಯಾಸಕ್ಕೆ. ತಂಡ ಬಿಟ್ಟುಹೋದರೆ ವ್ಯವಹಾರ, ಆಟಗಾರ ಬಿಟ್ಟುಹೋದರೆ ದ್ರೋಹ! 2017ರ ಫೆಬ್ರವರಿಯಲ್ಲಿ ಡ್ಯುರಾಂಟ್ ವಾರಿಯರ್ಸ್ ಜೆರ್ಸಿಯಲ್ಲಿ ಒಕ್ಲಹೋಮಾಕ್ಕೆ ಬಂದಾಗ ಇಡೀ ಅಂಗಣ "ಕಪ್‌ಕೇಕ್" ಎಂದು ಕೂಗಿತು. ಮೆದು ಹುಡುಗ ಎಂದು ಹಂಗಿಸುವ ಮಾತದು. ಅವನು 34 ಪಾಯಿಂಟ್ ಹೊಡೆದ, ವಾರಿಯರ್ಸ್ ಗೆದ್ದಿತು. ಆ ಊರಿನ ಜನರ ನೋವು ನನಗೆ ಅರ್ಥವಾಗುತ್ತದೆ. ಒಂಬತ್ತು ವರ್ಷ ದುಡಿದವನಿಗೆ ಅಷ್ಟು ಅವಮಾನ ಬೇಕಿರಲಿಲ್ಲ.

"ಇನ್ನೊಂದು ವರ್ಷ ಇದ್ದು ನೋಡಬಹುದಿತ್ತು" ಅನ್ನುವವರ ವಾದ ಇದೆಯಲ್ಲ, ಅದು ಮಾತ್ರ ಗಟ್ಟಿ ವಾದ. ಥಂಡರ್ ಜೊತೆ ಒಂದು ವರ್ಷದ ಒಪ್ಪಂದ ಮಾಡಿಕೊಂಡಿದ್ದರೆ 2017ರಲ್ಲಿ ಶೇ 35ರ ಸಂಬಳಕ್ಕೆ ಅರ್ಹನಾಗಿ ಮತ್ತೆ ಫ್ರೀ ಏಜೆಂಟ್ ಆಗುತ್ತಿದ್ದ. ಆದರೆ ಅಷ್ಟರಲ್ಲಿ ವಾರಿಯರ್ಸ್ ಬಾಗಿಲು ಮುಚ್ಚುತ್ತಿತ್ತು. ವಾರಿಯರ್ಸ್‌ನ ತಾರೆ ಸ್ಟೀಫನ್ ಕರ್ರಿ ಕಾಲಿನ ಗಾಯಗಳಿಂದ ನರಳುತ್ತಿದ್ದಾಗ 2012ರಲ್ಲಿ 4 ವರ್ಷಕ್ಕೆ 44 ಮಿಲಿಯನ್‌ಗೆ ಸಹಿ ಹಾಕಿದ್ದ. ಎಂವಿಪಿ ಆದ ಮೇಲೂ ಅದೇ ಅಗ್ಗದ ಸಂಬಳ. ಆ ಒಪ್ಪಂದ 2017ಕ್ಕೆ ಮುಗಿಯುತ್ತಿತ್ತು. ಇನ್ನೊಂದು ಕಡೆ, ಟಿವಿ ಹಕ್ಕಿನ ಹೊಸ ದುಡ್ಡು ಬಂದು ಸ್ಯಾಲರಿ ಕ್ಯಾಪ್ 70 ಮಿಲಿಯನ್‌ನಿಂದ ಒಮ್ಮೆಲೇ 94 ಮಿಲಿಯನ್‌ಗೆ ಹಾರಿದ್ದು ಸರಿಯಾಗಿ 2016ರ ಬೇಸಿಗೆಯಲ್ಲಿ. ಲೀಗ್ ಈ ಏರಿಕೆಯನ್ನು ಕೆಲವು ವರ್ಷಗಳಿಗೆ ಹಂಚೋಣ ಅಂದಿತ್ತು, ಆಟಗಾರರ ಸಂಘ ಒಪ್ಪಲಿಲ್ಲ. ಈ ಎರಡೂ ಒಂದೇ ಬೇಸಿಗೆಯಲ್ಲಿ ಕೂಡಿ ಬಂದಿದ್ದರಿಂದಲೇ, ತನ್ನ ಆಟಗಾರರಲ್ಲಿ ಹ್ಯಾರಿಸನ್ ಬಾರ್ನ್ಸ್‌ನನ್ನು ಬಿಟ್ಟು, ಆಂಡ್ರ್ಯೂ ಬೋಗಟ್‌ನನ್ನು ಡಲ್ಲಾಸ್‌ಗೆ ಕೊಟ್ಟು ವಾರಿಯರ್ಸ್ ಜಾಗ ಮಾಡಿಕೊಂಡಿತು. ಎರಡು ವರ್ಷ ಲೀಗ್ ಏಕಪಕ್ಷೀಯ ಆಯಿತು ಅನ್ನುವ ಬೇಸರ ನನಗೂ ಇದೆ. ಅದಕ್ಕೆ ಕಾರಣ ಆ 24 ಮಿಲಿಯನ್ ಜಿಗಿತ. ಎದುರಿಗೆ ತೆರೆದಿದ್ದ ಬಾಗಿಲಲ್ಲಿ ಒಳಗೆ ಹೋದವನನ್ನು ಯಾಕೆ ಬೈಯಬೇಕು?

ಯಾರೂ ಕೇಳದ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದೇ ಹೆಚ್ಚು ಸ್ವಾರಸ್ಯದ್ದು ಅನ್ನಿಸುತ್ತದೆ. ಇಂಥ ಆಟಗಾರ ಹೋದಾಗ ಹಳೆಯ ತಂಡಕ್ಕೆ ಬದಲಿಗೆ ಏನು ಸಿಗುತ್ತದೆ?

2016ರಲ್ಲಿ ಥಂಡರ್‌ಗೆ ಸಿಕ್ಕಿದ್ದು ಸೊನ್ನೆ. ಫ್ರೀ ಏಜೆಂಟ್ ಎದ್ದು ಹೋದರೆ ಅಷ್ಟೇ. ಆದರೆ ಎರಡು ತಂಡಗಳೂ ಆಟಗಾರನೂ ಒಪ್ಪಿದರೆ ಇನ್ನೊಂದು ದಾರಿ ಇದೆ: ಹಳೆಯ ತಂಡವೇ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿ, ಆಮೇಲೆ ಅವನನ್ನು ಬದಲಾಯಿಸಿಕೊಳ್ಳುವುದು. ಇದಕ್ಕೆ ಸೈನ್ ಅಂಡ್ ಟ್ರೇಡ್ ಅನ್ನುತ್ತಾರೆ. 2019ರಲ್ಲಿ ಡ್ಯುರಾಂಟ್ ಬ್ರೂಕ್ಲಿನ್‌ಗೆ ಹೋಗುವಾಗ ವಾರಿಯರ್ಸ್ ಇದನ್ನೇ ಮಾಡಿತು. ಆಗ ಅವನು ಟೊರೊಂಟೊ ವಿರುದ್ಧದ ಫೈನಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಮಲಗಿದ್ದ. ಬದಲಿಗೆ ಡಿ'ಏಂಜೆಲೊ ರಸೆಲ್ ಬಂದ. ಕೆಲವೇ ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ರಸೆಲ್‌ನನ್ನು ಮಿನೆಸೋಟಾಕ್ಕೆ ಕೊಟ್ಟು ಆಂಡ್ರ್ಯೂ ವಿಗಿನ್ಸ್‌ನನ್ನೂ ಒಂದು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೂ ತಂದರು. ಆ ಆಯ್ಕೆಯಲ್ಲಿ ಬಂದವನು ಜೋನಾಥನ್ ಕುಮಿಂಗಾ. ಇನ್ನು ವಿಗಿನ್ಸ್? 2022ರ ಫೈನಲ್‌ನ ಐದನೇ ಪಂದ್ಯದಲ್ಲಿ ಬೋಸ್ಟನ್ ವಿರುದ್ಧ ಕರ್ರಿ ಹೊಡೆದ 9 ಮೂರು ಪಾಯಿಂಟರ್‌ಗಳಲ್ಲಿ ಒಂದೂ ಬೀಳದ ರಾತ್ರಿ 26 ಪಾಯಿಂಟ್, 13 ರಿಬೌಂಡ್ (ಬಲೆಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು) ಮಾಡಿ ಗೆಲ್ಲಿಸಿದವನು ಅವನೇ. ಮುಂದಿನ ಪಂದ್ಯವನ್ನೂ ಗೆದ್ದು ವಾರಿಯರ್ಸ್ ಚಾಂಪಿಯನ್ ಆಯಿತು.