ಬೇಳೆಕಾಳಿನ ಪ್ರೋಟೀನ್ ‘ಅಪೂರ್ಣ’ವಾ? ಪೌಡರ್ ಡಬ್ಬ ಕೊಳ್ಳಲೇಬೇಕಾ?

ಪ್ರಶ್ನೆ: ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಟ್ಟು ವೀಗನ್ ಆಗಬೇಕು ಅಂತ ಆಸೆ, ಆದರೆ ಕೈಯಲ್ಲಿ ದುಡ್ಡು ಕಮ್ಮಿ. ಬೇಳೆಕಾಳಿನ ಪ್ರೋಟೀನ್ ಅಪೂರ್ಣ ಅಂತಾರಲ್ಲ? ಪ್ರೋಟೀನ್ ಪೌಡರ್, ಬಾದಾಮಿ ಹಾಲು ಇಲ್ಲದೆ ಆಗುತ್ತದಾ?

ಆಗುತ್ತದೆ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಪ್ರಶ್ನೆ ಬೇರೆ ಹೆಸರಲ್ಲಿ ಬಂದು ಕೂರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನು ನೋಡಿ: ಅಕ್ಕಿ, ಗೋಧಿ, ಬೇಳೆ, ಒಣಕಾಳು, ಕಡಲೆಬೀಜ, ಆಲೂಗಡ್ಡೆ, ಆಯಾ ಕಾಲದ ತರಕಾರಿ. ಎಲ್ಲವೂ ವೀಗನ್ನೇ ಅಲ್ವಾ? ಬಿಲ್ ಏರುವುದು ‘ವೀಗನ್’ ಅಂತ ದಪ್ಪ ಅಕ್ಷರದಲ್ಲಿ ಬರೆದ ಪೊಟ್ಟಣಗಳಿಂದ, ಅಂದರೆ ನಕಲಿ ಮಾಂಸ, ನಕಲಿ ಚೀಸ್‌ನಿಂದ. ಬಾದಾಮಿ ಹಾಲಂತೂ ಬಹುಪಾಲು ನೀರು. ಒಂದು ಲೋಟದಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಹಾಲಿನಂಥದ್ದು ಬೇಕೇ ಬೇಕು ಅಂದರೆ ಸೋಯಾ ಹಾಲು ತಗೊಳ್ಳಿ, ಅದರಲ್ಲಿ 7 ಗ್ರಾಂ ಆಸುಪಾಸು ಇರುತ್ತದೆ.

ಇನ್ನು ಆ ‘ಅಪೂರ್ಣ ಪ್ರೋಟೀನ್’ ಕಥೆ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ.

ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದವು 9. ಅವು ಊಟದಿಂದಲೇ ಬರಬೇಕು. ಇವುಗಳಲ್ಲಿ ಯಾವುದೋ ಒಂದು ಇಲ್ಲದ ಪ್ರೋಟೀನನ್ನೇ ಜನ ‘ಅಪೂರ್ಣ’ ಅನ್ನುವುದು. ಈ ಒಂಬತ್ತರ ಪೈಕಿ ಧಾನ್ಯಗಳಲ್ಲಿ ಲೈಸಿನ್ ಕಮ್ಮಿ, ಕಾಳುಗಳಲ್ಲಿ ಮೆಥಿಯೊನಿನ್ ಕಮ್ಮಿ. ಇದು ನಿಜ. ಆದರೆ ಕಮ್ಮಿ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ ಸ್ವಾಮಿ! ಅಕ್ಕಿಯಲ್ಲೂ ಒಂಬತ್ತು ಇವೆ, ಬೇಳೆಯಲ್ಲೂ ಒಂಬತ್ತು ಇವೆ, ಪ್ರಮಾಣ ಹೆಚ್ಚುಕಮ್ಮಿ ಅಷ್ಟೆ. ಅವುಗಳಲ್ಲಿ ಒಂದು ಪೂರ್ತಿ ನಾಪತ್ತೆಯಾಗಿರುವ ಪ್ರೋಟೀನ್ ಬೇಕಾ? ಜೆಲಾಟಿನ್ ನೋಡಿ. ಅದರಲ್ಲಿ ಟ್ರಿಪ್ಟೊಫಾನ್ ಇಲ್ಲ. ಜೆಲಾಟಿನ್ ಬರುವುದು ಎಲ್ಲಿಂದ? ಪ್ರಾಣಿಗಳ ಮೂಳೆ, ಚರ್ಮದಿಂದ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ: ಧಾನ್ಯ ಮತ್ತು ಕಾಳನ್ನು ಒಂದೇ ತಟ್ಟೆಯಲ್ಲಿ, ಒಂದೇ ಹೊತ್ತಿಗೆ ತಿನ್ನಬೇಕು, ಇಲ್ಲದಿದ್ದರೆ ಪ್ರೋಟೀನ್ ದಂಡ. ಇದನ್ನು ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ಫ್ರಾನ್ಸಿಸ್ ಮೂರ್ ಲಾಪೆ 1971ರಲ್ಲಿ ಬರೆದ ಪುಸ್ತಕ. 1981ರ ಆವೃತ್ತಿಯಲ್ಲಿ ಆಕೆಯೇ ಆ ಮಾತನ್ನು ವಾಪಸ್ ಪಡೆದರು. 1988ರಲ್ಲಿ ಅಮೆರಿಕದ ಆಹಾರತಜ್ಞರ ಸಂಘವೂ ಒಂದೇ ಊಟದಲ್ಲಿ ಜೋಡಿಸುವ ಅಗತ್ಯವಿಲ್ಲ ಎಂದಿತು. ತಪ್ಪು ಮಾತ್ರ ಎಲ್ಲರಿಗೂ ಬಾಯಿಪಾಠ, ತಿದ್ದುಪಡಿ ಯಾರಿಗೂ ಗೊತ್ತಿಲ್ಲ. ನಮ್ಮ ರಕ್ತದಲ್ಲಿ, ಸ್ನಾಯುಗಳಲ್ಲಿ ಅಮೈನೋ ಆಮ್ಲಗಳ ಒಂದು ಸಣ್ಣ ದಾಸ್ತಾನು ಯಾವಾಗಲೂ ಇರುತ್ತದೆ. ಜೊತೆಗೆ ದೇಹ ತನ್ನದೇ ಹಳೆಯ ಪ್ರೋಟೀನನ್ನು ದಿನವೂ ಒಡೆದು ಮತ್ತೆ ಕಟ್ಟುತ್ತದೆ. ಬೆಳಿಗ್ಗೆ ಓಟ್ಸ್, ರಾತ್ರಿ ಕಾಳು ತಿಂದರೂ ಲೆಕ್ಕ ಸರಿಹೋಗುತ್ತದೆ.

ಲೆಕ್ಕ ಅಂದಮೇಲೆ ಹಾಕಿಯೇ ನೋಡೋಣ. 60 ಕೆಜಿ ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್, 1,800 ಮಿಲಿಗ್ರಾಂ ಲೈಸಿನ್ ಬೇಕು. ಬೇಯಿಸುವ ಮೊದಲು ತೂಗಿದ 300 ಗ್ರಾಂ ಅಕ್ಕಿಯಲ್ಲಿ 20 ಗ್ರಾಂ ಪ್ರೋಟೀನ್, 700 ಮಿಲಿಗ್ರಾಂ ಲೈಸಿನ್ ಆಸುಪಾಸು. 100 ಗ್ರಾಂ ಬೇಳೆ ಸೇರಿಸಿ: ಇನ್ನೂ 22 ಗ್ರಾಂ, 1,500 ಮಿಲಿಗ್ರಾಂ. 50 ಗ್ರಾಂ ಕಡಲೆಬೀಜ ಸೇರಿಸಿದರೆ ಮತ್ತೆ 12 ಗ್ರಾಂ. ಎರಡೂ ದಾಟಿತು. ಸಸ್ಯದ ಪ್ರೋಟೀನ್ ಸ್ವಲ್ಪ ಕಮ್ಮಿ ಜೀರ್ಣವಾಗುತ್ತದೆ, ಅದಕ್ಕೆ ಒಂದು ಹಿಡಿ ಕಾಳು ಜಾಸ್ತಿ ಹಾಕಿಕೊಳ್ಳಿ. ಪೌಡರ್ ಎಲ್ಲಿ ಬೇಕಾಯಿತು ಹೇಳಿ?

ಎಡವಟ್ಟಾಗುವುದು ದುಡ್ಡು ಉಳಿಸಲು ಬೇಳೆಯನ್ನೇ ಬಿಟ್ಟು ಬರೀ ಅನ್ನ, ಬರೀ ಬ್ರೆಡ್ಡಲ್ಲಿ ದಿನ ದೂಡಿದಾಗ. ಆಗ ಲೈಸಿನ್ ನಿಜಕ್ಕೂ ಸಾಲುವುದಿಲ್ಲ. ತರಕಾರಿಯಲ್ಲಿ ಬೇಕಾದರೆ ಸ್ವಲ್ಪ ಹಿಡಿತ ಮಾಡಿ, ಕಾಳಿನಲ್ಲಿ ಬೇಡ.

ದುಡ್ಡು ಕೊಟ್ಟು ತರಲೇಬೇಕಾದ್ದು ಒಂದಿದೆ: ವಿಟಮಿನ್ ಬಿ12 ಮಾತ್ರೆ. ಆ ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾ. ಗಿಡಗಳಿಂದ ಅದು ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿ ಪುಡಿಯಲ್ಲಿ ಹೆಚ್ಚಾಗಿ ಇರುವುದು ದೇಹಕ್ಕೆ ಕೆಲಸಕ್ಕೆ ಬಾರದ ನಕಲು. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು, ಆಮೇಲೆ ನರಗಳಿಗೆ ಏಟು ಬೀಳುತ್ತದೆ. ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2,000 ಮೈಕ್ರೋಗ್ರಾಂ ಸಾಕು. ಪೌಡರ್ ಡಬ್ಬದ ಮುಂದೆ ಇದರ ಖರ್ಚು ಏನೂ ಅಲ್ಲ.

ಯಾರೂ ಕೇಳಲಿಲ್ಲ, ಆದರೂ ಇದೊಂದು ಹೇಳಬೇಕು. ಕಾಳು ತಂದವರು ಮುಂದೆ ಗ್ಯಾಸ್ ಉಳಿಸಲು ಹೊರಡುತ್ತಾರೆ. ರಾಜ್ಮಾ ವಿಷಯದಲ್ಲಿ ಆ ಜಾಣತನ ಬೇಡ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ನಾಲ್ಕೈದು ಅರೆಬೆಂದ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಸ್ಲೋ ಕುಕ್ಕರ್‌ನ ಸಣ್ಣ ಕಾವಿನಲ್ಲಿ, 80 ಡಿಗ್ರಿ ಒಳಗೆ ಬೆಂದರೆ ವಿಷ ಹೋಗುವ ಬದಲು ಇನ್ನೂ ಹೆಚ್ಚಬಹುದು. ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ, ಬೇಕಾದರೆ ಅರ್ಧ ಗಂಟೆ, ಕೊತಕೊತ ಕುದಿಸಿ. ಪ್ರೆಷರ್ ಕುಕ್ಕರ್ ಇದ್ದರೆ ತೊಂದರೆಯೇ ಇಲ್ಲ, ಗ್ಯಾಸೂ ಉಳಿಯುತ್ತದೆ. ವರ್ಷಗಟ್ಟಲೆ ಡಬ್ಬದಲ್ಲಿದ್ದ ಕಾಳು ಎಷ್ಟು ಬೇಯಿಸಿದರೂ ಗಟ್ಟಿಯೇ ಉಳಿಯುವುದುಂಟು. ಗಡಸು ನೀರಾದರೆ ಇನ್ನೂ ಕಷ್ಟ. ನೆನೆಹಾಕುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಟೊಮೆಟೊ, ಹುಣಸೆಹಣ್ಣು ಏನಿದ್ದರೂ ಕಾಳು ಮೆತ್ತಗಾದ ಮೇಲೆ.