ಮೂಲೆಯಲ್ಲೊಂದು ಹಾಯಿ ಹಡಗು

ಇಟಲಿಯ ಚಿತ್ರಕಾರ ಟಿಷಿಯನ್ ಬರೆದ ‘ಬ್ಯಾಕಸ್ ಮತ್ತು ಅರಿಯಾಡ್ನೆ’ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ. “ರಥಕ್ಕೆ ಕಟ್ಟಿರೋದು ಚಿರತೆ ಅಲ್ವಾ ಸರ್?” ಅಲ್ಲ, ಸಿವಂಗಿ, ಅಂದರೆ ಚೀತಾ. ಆ ಮಾತು ಆಮೇಲೆ. ಮೊದಲು ಎಡಗಡೆಯ ಅಂಚು ನೋಡಿ ಅನ್ನುತ್ತೇನೆ.

ಅಲ್ಲಿ ದೂರದ ಸಮುದ್ರದಲ್ಲಿ ಒಂದು ಪುಟ್ಟ ಹಾಯಿ ಹಡಗಿದೆ. ಅದು ಗ್ರೀಕ್ ಪುರಾಣದ ವೀರ ಥೀಸಿಯಸ್‌ನದು. ಕ್ರೀಟ್ ದ್ವೀಪದ ರಾಜಕುಮಾರಿ ಅರಿಯಾಡ್ನೆ ಅವನಿಗೆ ನೂಲಿನ ಉಂಡೆ ಕೊಟ್ಟು, ಗೂಳಿತಲೆಯ ರಾಕ್ಷಸ ಮಿನೋಟಾರ್ ಇದ್ದ ಚಕ್ರವ್ಯೂಹದಿಂದ ಹೊರಬರುವ ದಾರಿ ಮಾಡಿಕೊಟ್ಟಳು. ಅವನೋ, ನಾಕ್ಸೋಸ್ ದ್ವೀಪದಲ್ಲಿ ಅವಳು ಮಲಗಿದ್ದಾಗ ಬಿಟ್ಟು ಹೊರಟೇಹೋದ. ಚಿತ್ರದಲ್ಲಿ ಅವಳ ಕೈ ಇನ್ನೂ ಸಮುದ್ರದ ಕಡೆಗೇ ಚಾಚಿದೆ. ಮುಖ ಮಾತ್ರ ಗದ್ದಲ ಕೇಳಿ ಇತ್ತ ತಿರುಗಿದೆ. ಹಡಗು ಕಾಣದಿದ್ದರೆ ಆ ತಿರುಗುವಿಕೆಗೆ ಅರ್ಥವೇ ಇಲ್ಲ.

ಗದ್ದಲ ಮದ್ಯದ ದೇವರು ಬ್ಯಾಕಸ್‌ನ ಪಡೆಯದು. ರೋಮನ್ ಕವಿ ಓವಿಡ್ ಹೇಳುವಂತೆ, ಹುಲಿಗಳನ್ನು ಕಂಡು ಅವಳು ಹೆದರಬಾರದೆಂದು ದೇವರು ರಥದಿಂದ ಜಿಗಿಯುತ್ತಾನೆ. ಟಿಷಿಯನ್ ಆ ಜಿಗಿತವನ್ನು ಗಾಳಿಯಲ್ಲೇ ಹಿಡಿದಿದ್ದಾನೆ, ಎರಡು ಕಾಲೂ ನೆಲದ ಮೇಲಿಲ್ಲ. ಹುಲಿಗಳ ಜಾಗಕ್ಕೆ ಮಾತ್ರ ಸಿವಂಗಿಗಳು ಬಂದಿವೆ. ಬ್ಯಾಕಸ್ ಭಾರತವನ್ನು ಗೆದ್ದು ವಾಪಸ್ ಬರುತ್ತಿದ್ದಾನೆ ಎಂಬುದು ಕಥೆ. ಪೂರ್ವದೇಶದ ಪ್ರಾಣಿ ಇದ್ದರೆ ಸಾಕು ಅನ್ನಿಸಿರಬೇಕು!

ಈ ಚಿತ್ರವನ್ನು ಬರೆಸಿದವನು ಇಟಲಿಯ ಫೆರಾರಾ ನಗರದ ದೊರೆ ಅಲ್ಫೋನ್ಸೊ. ತನ್ನ ಕೋಣೆಗೊಂದು ಬ್ಯಾಕಸ್ ಚಿತ್ರ ಬೇಕೆಂದು ಮೊದಲು ಚಿತ್ರಕಾರ ರಫೇಲ್‌ಗೆ ಹೇಳಿದ್ದ. ರಫೇಲ್ 1520ರಲ್ಲಿ ತೀರಿಕೊಂಡ, ಕೆಲಸ ವೆನಿಸ್‌ನ ಟಿಷಿಯನ್‌ಗೆ ಬಂತು, 1523ಕ್ಕೆ ಮುಗಿಯಿತು. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮುಂದುಗಡೆ ಮೈಗೆ ಹಾವು ಸುತ್ತಿಕೊಂಡವನನ್ನು ನೋಡಿ: 1506ರಲ್ಲಿ ರೋಮ್‌ನಲ್ಲಿ ಮಣ್ಣಿನಡಿ ಸಿಕ್ಕ, ಹಾವುಗಳ ಹಿಡಿತದಲ್ಲಿ ಒದ್ದಾಡುವ ಲಾವೊಕೂನ್‌ನ ಶಿಲ್ಪದ ನೆನಪು ಆ ಮೈಕಟ್ಟಿನಲ್ಲಿದೆ.

ಆಕಾಶದ ನೀಲಿಗೆ ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಲಾಪಿಸ್ ಎಂಬ ನೀಲಿ ಕಲ್ಲನ್ನು ಅರೆದು ಹಾಕಿದ್ದಾರೆ. 1960ರ ದಶಕದ ಕೊನೆಯಲ್ಲಿ ಹಳೆಯ ವಾರ್ನಿಷ್ ತೆಗೆದಾಗ ಆ ನೀಲಿ ಜಾಸ್ತಿಯಾಯಿತು ಎಂದು ದೊಡ್ಡ ಜಗಳವೇ ಆಯಿತು. ನನಗಂತೂ ಈ ನೀಲಿಯೇ ಇಷ್ಟ.

ಅದೇ ನೀಲಿಯಲ್ಲಿ, ಅರಿಯಾಡ್ನೆಯ ತಲೆಯ ಮೇಲೆ, ಎಂಟು ನಕ್ಷತ್ರಗಳ ಒಂದು ಬಳೆ ಇದೆ. ಮುಂದೆ ಬ್ಯಾಕಸ್ ಅವಳ ಕಿರೀಟವನ್ನು ಆಕಾಶಕ್ಕೆ ಎಸೆಯುತ್ತಾನೆ, ಅದು ನಕ್ಷತ್ರಪುಂಜವಾಗುತ್ತದೆ. ಚಿತ್ರದಲ್ಲಿ ಅವನಿನ್ನೂ ನೆಲ ಮುಟ್ಟಿಲ್ಲ, ನಕ್ಷತ್ರಗಳು ಆಗಲೇ ಬಂದು ಕೂತಿವೆ. ಅವಳು ಇನ್ನೂ ತಲೆ ಎತ್ತಿ ನೋಡಿಲ್ಲ.